ದೂರದ ಬೆಟ್ಟ ನುಣ್ಣಗೆ

ಪ್ರವಾಸವೆಂದರೆ ರೈಲುಗಾಡಿಯನ್ನು ಹತ್ತಿ ಎರಡು ದಿನವಾದರೂ ದೂರ ಹೋಗಬೇಕೆಂಬ ಭಾವನೆಯು ನಮ್ಮ ಜನರಲ್ಲಿ ಬಲವಾಗಿ ಬೇರೂರಿರುವುದು. ಕಾಶಿ ರಾಮೇಶ್ವರಗಳನ್ನು ಕಂಡು ಬಂದವರು ತಮ್ಮ ಮನೆಯ ಬಾಗಿಲಿನಿಂದ ಒಂದು ಹರದಾರಿಯಷ್ಟು ದೂರದಲ್ಲಿರುವ ಗುಡ್ಡವನ್ನು ಒಮ್ಮೆಯಾದರೂ ಹತ್ತಿ ನೋಡಿರುವುದಿಲ್ಲ. ಅನ್ಯರ ಮಾತೇಕೆ? ನಾವೇ ಈ ದೋಷಕ್ಕೆ ಉದಾಹರಣೆ. ಪಾಠಶಾಲೆಯ ಕೆಲಸದಿಂದ ನಿವೃತ್ತರಾಗಿ ಕೆಂಗೇರಿ ಉಪನಗರದಲ್ಲಿ ನೆಲೆಸಿದ ಮೇಲೆ, ಓಂಕಾರ ಗುಡ್ಡಕ್ಕೆ ನಾಳೆ ಹೋಗೋಣ, ನಾಡಿದ್ದು ಹೋಗೋಣ ಎಂದುಕೊಳ್ಳುತ್ತಲೇ ಕಾಲವನ್ನು ಕಳೆದೆವು. ಕಡೆಗೆ ಕಳೆದ ಮಾರ್ಗಶಿರ ಮಾಸದ ಒಂದು ಪ್ರಾತಃಕಾಲದಲ್ಲಿ ಹೋಗಿಬಂದೆವು. ದೇವರ ದರ್ಶನಕ್ಕೆಂದು ಮನೆಯಲ್ಲಿ ಹೇಳಿ ಹೊರಟರೂ ನಿಜವಾದ ಕಾರಣವು ಬೇರೆ. ನಮ್ಮಿಂದ ಒಂದು ತಪ್ಪು ನಡೆದುಹೋಗಿತ್ತು. ಅದು ಎಂತಹ ತಪ್ಪು, ಎಷ್ಟು ದೊಡ್ಡದು ಎಂಬುದನ್ನು ಕಣ್ಣಾರೆ ಅಳೆದು ನೋಡಬೇಕಾಗಿತ್ತು. ಆ ತಪ್ಪು ಈಗಿನ ಕಾಲದಲ್ಲಿ ಮನೆಮನೆಯಲ್ಲಿಯೂ ನಡೆಯುತ್ತಿರುವುದಾದುದರಿಂದ, ನಮ್ಮ ಈ ಸಣ್ಣ ಪ್ರವಾಸದ ವೃತ್ತಾಂತವನ್ನು ವಾಚಕ ಮಹಾಶಯರ ಮುಂದೆ ಇಡುವುದು ಅನುಚಿತವಾಗಲಾರದೆಂದು ನಂಬಿರುವೆವು.

ಕೆಂಗೇರಿಯು ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಹಳೆಯ ಊರು. ಹಳೆಯ ಊರಿಗೆ ಕೆರೆಯುಂಟು, ಪೇಟೆಯುಂಟು, ರೈಲ್ವೆ ನಿಲ್ದಾಣವುಂಟು. ಉಪನಗರವಾದರೋ ಹೊಸದು, ಅಳೆದು ಗೆರೆ ಹಾಕಿ ಕಟ್ಟಿದುದು. ಇಲ್ಲಿಯ ಬೀದಿಗಳು ನೇರವಾಗಿರುವುವು; ನಿವೃತ್ತರಾದವರು ಬೆಳಗಿನ ಹೊತ್ತು ಕೈಬೀಸಿಕೊಂಡು ನಡೆಯಲು ಉದ್ಯಾನಗಳಿರುವುವು; ಬಾಗಿಲಿನ ಮುಂದೆ ನೀರು ಚಿಮುಕಿಸಿ ರಂಗೋಲಿಯಿಡುವ ಪದ್ಧತಿಯು ಇನ್ನೂ ಉಳಿದಿರುವುದು. 2021ನೆಯ ಇಸವಿ ಆಗಸ್ಟ್ 29ರಂದು ಮೆಟ್ರೋ ರೈಲಿನ ಮಾರ್ಗವು ಮೈಸೂರು ರಸ್ತೆಯ ನಿಲ್ದಾಣದಿಂದ ಸುಮಾರು ಏಳೂವರೆ ಕಿಲೋಮೀಟರು ಮುಂದುವರಿದು ಕೆಂಗೇರಿಯನ್ನು ಮುಟ್ಟಿತು. 2023ನೆಯ ಅಕ್ಟೋಬರ್ 9ರಂದು ಇನ್ನೂ ಮುಂದೆ ಚಲ್ಲಘಟ್ಟದವರೆಗೂ ಹೋಯಿತು. ಹಿಂದೆ ಪೇಟೆಗೆ ಹೋಗಿಬರುವುದೆಂದರೆ ಒಂದು ದಿನದ ಕಾರ್ಯವಾಗಿತ್ತು; ಈಗ ಊಟಕ್ಕೆ ಮುಂಚೆ ಹಿಂದಿರುಗಬಹುದು. ದೂರವೆಂಬುದು ಹೀಗೆ ದಿನೇ ದಿನೇ ಕುಗ್ಗುತ್ತ ಬಂದಿರುವುದು. ದೂರವನ್ನು ಯಂತ್ರವೇ ಕುಗ್ಗಿಸುವುದೆಂಬ ನಂಬಿಕೆಯಿಂದಲೇ ನಾವು ಮೋಸಹೋದುದು.

ಆ ಸಂಗತಿಯು ಹೀಗೆ ನಡೆಯಿತು. ನಮಗೆ ಒಬ್ಬರೇ ಅಕ್ಕ. ಮೈಸೂರಿನಲ್ಲಿ ಮಗನ ಮನೆಯಲ್ಲಿ ಇದ್ದರು. ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಬಂದು ಹದಿನೈದು ದಿನವಿದ್ದು, ಒಂದು ಸಂಜೆಯ ಗಾಡಿಗೆ ಹಿಂದಿರುಗಿದರು. ಅವರನ್ನು ಗಾಡಿಗೆ ಹತ್ತಿಸಲು ನಾವೆಲ್ಲರೂ ಕೆಂಗೇರಿಯ ನಿಲ್ದಾಣಕ್ಕೆ ಹೋಗಿದ್ದೆವು. ನಮಗೆ ಆಗ ಮೊಣಕಾಲಿನ ನೋವು; ಪ್ಲಾಟ್‌ಫಾರಮ್ಮಿನ ಒಂದು ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟೆವು. ಅಕ್ಕನವರು ನಲವತ್ತು ಹೆಜ್ಜೆಯ ದೂರದಲ್ಲಿ ನಿಂತ ಗಾಡಿಯ ಕಿಟಕಿಯ ಬಳಿ ಕುಳಿತು, ಯಾರೋ ಆಡಿದ ಮಾತಿಗೆ ಬಾಯಿತುಂಬ ನಕ್ಕರು. ಅವರು ಕ್ಯಾಮೆರಾ ಕಂಡರೆ ತುಟಿ ಬಿಗಿದುಕೊಳ್ಳುವ ಸ್ವಭಾವದವರು. ಇಂತಹ ನಗು ಮತ್ತೆ ಸಿಕ್ಕದೆಂದು ನಾವು ಕೂತಲ್ಲಿಂದಲೇ ಮೊಬೈಲನ್ನು ತೆಗೆದು, ಅದರ ಗಾಜಿನ ಮೇಲೆ ಎರಡು ಬೆರಳುಗಳನ್ನು ಅಗಲಿಸಿ, ಅವರ ಮುಖವನ್ನು ಹತ್ತಿರಕ್ಕೆ ಎಳೆದುಕೊಂಡೆವು. ಗಾಜಿನ ಮೂಲೆಯಲ್ಲಿ ಎಂಟುಪಟ್ಟು ಎಂಬ ಅಂಕಿಯು ಕಾಣಿಸಿತು.

ಅಕ್ಕನವರು ನಮ್ಮನ್ನು ನೋಡಿಬಿಟ್ಟರು. "ಹತ್ತಿರ ಬಾರೋ, ಅಲ್ಲಿಂದ ಏನು ತೆಗೆಯುತ್ತೀಯೆ?" ಎಂದು ಕೂಗಿದರು.

"ಹತ್ತಿರ ಬರುವುದು ಬೇಡ ಅಕ್ಕ, ಇದೇ ಹತ್ತಿರಕ್ಕೆ ತರುತ್ತದೆ" ಎಂದು ನಾವು ಹೆಮ್ಮೆಯಿಂದ ಉತ್ತರ ಕೊಟ್ಟೆವು.

ಗಾಡಿಯು ಹೊರಟಿತು. ಆ ತರುವಾಯ ಅಕ್ಕನವರನ್ನು ನಾವು ನಗುಮುಖದಲ್ಲಿ ಕಾಣಲಿಲ್ಲ. ಆರು ತಿಂಗಳೊಳಗೆ ಅವರು ತೀರಿಕೊಂಡರು.

ಹದಿಮೂರನೆಯ ದಿನದ ಕಾರ್ಯಗಳು ಮುಗಿದ ಮೇಲೆ ನಮ್ಮ ಸೋದರಳಿಯನು, "ಮಾವ, ಅಮ್ಮ ನಗುತ್ತಿರುವ ಫೋಟೋ ನಿಮ್ಮಲ್ಲಿ ಮಾತ್ರ ಇದೆ. ಅದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿ ನಡುಮನೆಯಲ್ಲಿ ಇಡೋಣ" ಎಂದನು. ಉಪನಗರದಲ್ಲಿ ಒಂದು ಸಣ್ಣ ಸ್ಟುಡಿಯೋ ಉಂಟು. ಅದರ ಯಜಮಾನನು ನಮ್ಮ ಬಳಿ ಮೂರು ವರ್ಷ ಸಂಸ್ಕೃತವನ್ನು ಓದಿದವನು. ಅವನಲ್ಲಿಗೆ ಹೋಗಿ ಮೊಬೈಲನ್ನು ಕೊಟ್ಟು, ಒಂದು ಅಡಿ ಅಗಲದ ಪಟವನ್ನು ಮಾಡಿಕೊಡಬೇಕೆಂದು ಕೇಳಿದೆವು. ಅವನು ಚಿತ್ರವನ್ನು ತನ್ನ ಗಣಕಯಂತ್ರಕ್ಕೆ ಇಳಿಸಿ, ಬಹಳ ಹೊತ್ತು ನೋಡಿ, ತಲೆಯನ್ನು ತಗ್ಗಿಸಿದನು.

"ಮೇಷ್ಟ್ರೇ, ತಾವು ಬೇಜಾರು ಮಾಡಿಕೊಳ್ಳಬಾರದು. ಇದು ದೊಡ್ಡದಾಗುವುದಿಲ್ಲ" ಎಂದನು.

ಪರದೆಯ ಮೇಲೆ ನಾವೂ ನೋಡಿದೆವು. ಅಂಗೈಯಗಲದ ಗಾಜಿನಲ್ಲಿ ಅಷ್ಟು ಚೆನ್ನಾಗಿ ಕಾಣುತ್ತಿದ್ದ ಮುಖವು ಅಲ್ಲಿ ಬೆಣ್ಣೆ ಸವರಿದ ಗೊಂಬೆಯಂತೆ ಆಗಿದ್ದಿತು. ಕಣ್ಣಿನ ಸುತ್ತಲಿನ ಸುಕ್ಕುಗಳಿಲ್ಲ. ಮೂಗುಬೊಟ್ಟು ಒಂದು ಬಿಳಿಯ ಕಲೆ. ಸೀರೆಯ ಅಂಚು ಕದಡಿದ ಬಣ್ಣ. ಇದೇನಪ್ಪಾ ಹೀಗೆ ಎಂದು ಕೇಳಿದುದಕ್ಕೆ ಅವನು ಒಂದು ಕಾಗದವನ್ನು ತೆಗೆದುಕೊಂಡು, ಮನೆಯ ಹೆಣ್ಣುಮಕ್ಕಳು ರಂಗೋಲಿಗೆ ಚುಕ್ಕಿಯಿಡುವಂತೆ ಸಾಲುಸಾಲಾಗಿ ಚುಕ್ಕಿಗಳನ್ನು ಇಟ್ಟನು. ಶಿಷ್ಯನೇ ಗುರುವಾಗಿ ಹೇಳಿದ ಆ ಪಾಠವನ್ನು, ನಮಗೆ ತಿಳಿದಮಟ್ಟಿಗೆ, ಇಲ್ಲಿ ಬರೆಯುವೆವು.

ಈಗಿನ ಕ್ಯಾಮೆರಾದಲ್ಲಿ ಫಿಲಂ ಇರುವುದಿಲ್ಲ. ಮಸೂರದ ಹಿಂದೆ ಬೆರಳಿನ ಉಗುರಿಗಿಂತ ಚಿಕ್ಕದಾದ ಒಂದು ಬಿಲ್ಲೆಯಿರುವುದು. ಅದಕ್ಕೆ ಸೆನ್ಸರ್ ಎಂದು ಹೆಸರು. ಅದರ ಮೇಲೆ ಬೆಳಕನ್ನು ಅಳೆಯುವ ಲಕ್ಷಾಂತರ ಕಣಗಳು ಸಾಲಾಗಿ ಕೂಡಿಸಲ್ಪಟ್ಟಿರುವುವು. ಒಂದೊಂದು ಕಣವೂ ಚಿತ್ರದಲ್ಲಿ ಒಂದೊಂದು ಚುಕ್ಕಿಯಾಗುವುದು. ಅದನ್ನೇ ಪಿಕ್ಸೆಲ್ ಎನ್ನುವರು. ನಮ್ಮ ಮೊಬೈಲಿನಲ್ಲಿ ಅಡ್ಡಸಾಲಿಗೆ 4000, ಉದ್ದಸಾಲಿಗೆ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕಿಗಳು. ವ್ಯಾಪಾರಿಗಳು ಹನ್ನೆರಡು ಮೆಗಾಪಿಕ್ಸೆಲ್ ಎನ್ನುವುದು ಇದನ್ನೇ.

ವಸ್ತುವನ್ನು ಹತ್ತಿರಕ್ಕೆ ತರಲು ಎರಡು ಮಾರ್ಗಗಳುಂಟು. ಮಸೂರಗಳನ್ನು ಹಿಂದುಮುಂದು ಸರಿಸಿ, ದೂರದ ವಸ್ತುವಿನ ಬಿಂಬವನ್ನೇ ದೊಡ್ಡದು ಮಾಡಿ ಬಿಲ್ಲೆಯ ತುಂಬ ಬೀಳುವಂತೆ ಮಾಡುವುದು ಒಂದು. ಇದು ಆಪ್ಟಿಕಲ್ ಜೂಮ್. ದುರ್ಬೀನಿನ ಧರ್ಮವೂ ಇದೇ. ಇಲ್ಲಿ ಎಲ್ಲ ಚುಕ್ಕಿಗಳೂ ಆ ವಸ್ತುವಿನ ಸೇವೆಯಲ್ಲಿಯೇ ಇರುವುವು. ಎರಡನೆಯದು ಡಿಜಿಟಲ್ ಜೂಮ್. ಇಲ್ಲಿ ಮಸೂರವು ಕದಲುವುದೇ ಇಲ್ಲ. ಯಂತ್ರವು ಚಿತ್ರದ ನಡುವಣ ಒಂದು ತುಂಡನ್ನು ಮಾತ್ರ ಇಟ್ಟುಕೊಂಡು, ಸುತ್ತಲಿನದನ್ನು ಕತ್ತರಿಸಿ ಬಿಸಾಡಿ, ಆ ತುಂಡನ್ನು ಮೊದಲಿನ ಅಳತೆಗೆ ಬರುವಂತೆ ಹಿಗ್ಗಿಸುವುದು. ಎರಡುಪಟ್ಟು ಹಿಗ್ಗಿಸಿದರೆ ಚುಕ್ಕಿಗಳು ಅರ್ಧವಾಗುವುವೆಂದು ಎಣಿಸಬಾರದು. ಅಡ್ಡಕ್ಕೂ ಅರ್ಧ, ಉದ್ದಕ್ಕೂ ಅರ್ಧವಾಗಿ ಕಾಲುಭಾಗ ಮಾತ್ರ ಉಳಿಯುವುದು. ನಾಲ್ಕುಪಟ್ಟಿಗೆ ಹದಿನಾರರಲ್ಲಿ ಒಂದು ಭಾಗ. ನಾವು ಮಾಡಿದ ಎಂಟುಪಟ್ಟಿಗೆ ಅರುವತ್ತನಾಲ್ಕರಲ್ಲಿ ಒಂದು ಭಾಗ! ಎಂದರೆ 1 ಕೋಟಿ 20 ಲಕ್ಷದಲ್ಲಿ ನಮಗೆ ನಿಜವಾಗಿ ದಕ್ಕಿದುದು ಅಡ್ಡಕ್ಕೆ 500, ಉದ್ದಕ್ಕೆ 375, ಒಟ್ಟು 1,87,500 ಚುಕ್ಕಿಗಳು. ಅದರಲ್ಲಿಯೂ ಅಕ್ಕನವರ ಮುಖಕ್ಕೆ ಸೇರಿದುವು ಅಡ್ಡಕ್ಕೆ ಸುಮಾರು ನೂರು ಮಾತ್ರ.

ಈ ನೂರರ ಅಂಕಿಯನ್ನು ಕೇಳಿದಾಗ ನಮಗೆ ಒಂದು ಇತಿಹಾಸವು ನೆನಪಾಗುವುದು. 1975ನೆಯ ಇಸವಿಯಲ್ಲಿ ಅಮೆರಿಕಾದ ಕೊಡಕ್ ಕಂಪೆನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವಕ ಇಂಜಿನಿಯರು ಮೊಟ್ಟಮೊದಲನೆಯ ಡಿಜಿಟಲ್ ಕ್ಯಾಮೆರಾವನ್ನು ಕಟ್ಟಿದಾಗ, ಅದರ ಬಿಲ್ಲೆಯಲ್ಲಿ ಇದ್ದುದು ಅಡ್ಡಕ್ಕೆ ನೂರು, ಉದ್ದಕ್ಕೆ ನೂರು, ಒಟ್ಟು ಹತ್ತು ಸಾವಿರ ಚುಕ್ಕಿಗಳು. ಅಂದಿನಿಂದ ಇಂದಿನವರೆಗೆ ವಿಜ್ಞಾನಿಗಳು ಪಟ್ಟ ಶ್ರಮದಿಂದ ಸಾವಿರಪಟ್ಟಿಗಿಂತ ಮಿಗಿಲಾಗಿ ಬೆಳೆದ ಸಂಪತ್ತನ್ನು ನಾವು ಎರಡು ಬೆರಳುಗಳನ್ನು ಅಗಲಿಸಿ ಒಂದು ಕ್ಷಣದಲ್ಲಿ ಕಳೆದು, ಅಕ್ಕನವರ ಮುಖಕ್ಕೆ 1975ನೆಯ ಇಸವಿಯ ಕ್ಯಾಮೆರಾವನ್ನು ಹಿಡಿದಂತಾಯಿತು. ಮೊಣಕಾಲು ನೊಂದರೂ ಎದ್ದು ಮೂವತ್ತೈದು ಹೆಜ್ಜೆ ನಡೆದು, ಐದು ಹೆಜ್ಜೆಯ ದೂರದಿಂದ ತೆಗೆದಿದ್ದರೆ, ಅದೇ ಮುಖಕ್ಕೆ ಅಡ್ಡಕ್ಕೆ ಎಂಟುನೂರು ಚುಕ್ಕಿಗಳು ದಕ್ಕುತ್ತಿದ್ದುವು.

ಹಾಗಾದರೆ ಹಿಗ್ಗಿಸಿದ ಚಿತ್ರದಲ್ಲಿ ಚುಕ್ಕಿಗಳ ನಡುವಣ ತೆರವನ್ನು ತುಂಬುವವರು ಯಾರು? ಯಂತ್ರವೇ ತುಂಬುವುದು. ಎಡಗಡೆಯ ಚುಕ್ಕಿ ಕಪ್ಪು, ಬಲಗಡೆಯದು ಬಿಳುಪು ಆಗಿದ್ದರೆ ನಡುವೆ ಬೂದುಬಣ್ಣವಿರಬಹುದೆಂದು ಊಹಿಸಿ ಹಚ್ಚುವುದು. ಆ ಎಡೆಯಲ್ಲಿ ನಿಜವಾಗಿ ಒಂದು ಕೂದಲೆಳೆಯಿತ್ತೋ, ಒಂದು ಸುಕ್ಕಿತ್ತೋ ಅದಕ್ಕೆ ತಿಳಿಯದು. ನಾವು ಹಿಂದೆ ಹುಳು ತಿಂದ ಓಲೆಗರಿಗಳನ್ನು ನಕಲು ಮಾಡಿದ್ದುಂಟು. ಅಕ್ಷರವು ಹೋದ ಎಡೆಯಲ್ಲಿ ಛಂದಸ್ಸಿಗೆ ಹೊಂದುವ ಯಾವುದೋ ಒಂದು ಅಕ್ಷರವನ್ನು ಸೇರಿಸಿಬಿಡುವ ಲಿಪಿಕಾರರಿದ್ದರು. ಶ್ಲೋಕವು ಸರಾಗವಾಗಿ ಓಡುವುದು. ಆದರೆ ಕವಿಯ ಮಾತು ಅದಲ್ಲ. ಡಿಜಿಟಲ್ ಜೂಮಿನ ನುಣುಪು ಇಂತಹದೇ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಮಕ್ಕಳಿಗೆ ಮೂವತ್ತು ವರ್ಷಕಾಲ ಅರ್ಥ ಹೇಳಿಕೊಟ್ಟವರಿಗೆ, ಅದರ ಅಕ್ಷರಾರ್ಥವು ಅಂದು ಸ್ಟುಡಿಯೋದಲ್ಲಿ ತಿಳಿಯಿತು.

ಇದಕ್ಕೆ ಇನ್ನೆರಡು ಕೇಡುಗಳು ಜೊತೆಗೂಡುವುವು. ವಸ್ತುವು ಎಂಟುಪಟ್ಟು ಹಿಗ್ಗಿದರೆ ಕೈಯ ನಡುಕವೂ ಎಂಟುಪಟ್ಟು ಹಿಗ್ಗುವುದು. ಸಂಜೆಯ ಮಂದವಾದ ಬೆಳಕಿನಲ್ಲಿ ಬಿಲ್ಲೆಯ ಮೇಲೆ ಮರಳು ಎರಚಿದಂತೆ ಕಾಣುವ ಕಣಕಣವಾದ ದೋಷವೂ ಹಿಗ್ಗುವುದು; ಅದನ್ನು ಮರೆಮಾಡಲು ಯಂತ್ರವು ಇನ್ನಷ್ಟು ಸವರುವುದು. ಅಕ್ಕನವರ ಮುಖದ ಸುಕ್ಕುಗಳು ಮಾಯವಾದುದು ಈ ಸವರುವಿಕೆಯಿಂದಲೇ.

ಇಷ್ಟು ಕೇಳಿದರೂ ನಮ್ಮ ಮನಸ್ಸು ಸಮಾಧಾನಗೊಳ್ಳಲಿಲ್ಲ. ಸ್ವತಃ ಪರೀಕ್ಷೆ ಮಾಡಿ ನೋಡದೆ ಒಪ್ಪಬಾರದೆಂಬುದು ಉಪಾಧ್ಯಾಯರ ಹಟ. ಆದಕಾರಣ ಹತ್ತು ವರ್ಷದ ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಓಂಕಾರ ಗುಡ್ಡಕ್ಕೆ ಹೊರಟೆವು.

ಮೈಸೂರು ರಸ್ತೆಯನ್ನು ದಾಟುವಾಗ ಇನ್ನೂ ಮಂಜು ಕರಗಿರಲಿಲ್ಲ. ವೃಷಭಾವತಿಯ ಗಾಳಿಯು ಮೂಗಿಗೆ ಬಡಿಯಿತು. ಅರ್ಕಾವತಿಯನ್ನು ಸೇರಿ, ಅದರ ಮೂಲಕ ಕಾವೇರಿಯನ್ನೂ ಸೇರುವ ಈ ನದಿಯು ಇಂದು ನಗರದ ಕೊಳಚೆಯನ್ನು ಹೊತ್ತು ಹರಿಯುವುದು. "ತಾತ, ಫೋಟೋದಲ್ಲಿ ನದಿ ಎಷ್ಟು ಚೆನ್ನಾಗಿದೆ!" ಎಂದು ಮೊಮ್ಮಗಳು ತೋರಿಸಿದಳು. ನಿಜವೇ; ಚಿತ್ರಕ್ಕೆ ವಾಸನೆಯಿಲ್ಲ. ಹತ್ತಿರ ಹೋಗದೆ ನಿಜವು ತಿಳಿಯದೆಂಬುದಕ್ಕೆ ದಾರಿಯಲ್ಲಿಯೇ ಒಂದು ದೃಷ್ಟಾಂತವು ದೊರೆಯಿತು. ಅಲ್ಲಿಂದ ಉತ್ತರಹಳ್ಳಿಯ ಕಡೆಯ ರಸ್ತೆಯಲ್ಲಿ ಆಟೋ ಮಾಡಿಕೊಂಡು ಶ್ರೀನಿವಾಸಪುರದ ಬಳಿ ಇಳಿದೆವು. ಗುಡ್ಡದ ಮೇಲೆ ಓಂಕಾರಾಶ್ರಮವೂ, ದ್ವಾದಶ ಜ್ಯೋತಿರ್ಲಿಂಗಗಳ ದೇವಾಲಯವೂ, ದೊಡ್ಡದೊಂದು ಗಡಿಯಾರದ ಗೋಪುರವೂ ಇರುವುವು. ಆ ಗೋಪುರವೇ ನಮ್ಮ ಪರೀಕ್ಷೆಯ ವಸ್ತು.

ಗೋಪುರವು ಚಿಕ್ಕದಾಗಿ ಕಾಣುವ ಒಂದು ಎಡೆಯಲ್ಲಿ ನಿಂತು, ಜೂಮನ್ನು ಮುಟ್ಟದೆ ಒಂದು ಚಿತ್ರವನ್ನು ತೆಗೆದೆವು. ಇಡೀ ಗುಡ್ಡ, ಮರಗಳು, ಆಕಾಶ ಎಲ್ಲವೂ ಬಂದುವು. ಅದೇ ಎಡೆಯಲ್ಲಿ ಎಂಟುಪಟ್ಟು ಜೂಮ್ ಮಾಡಿ ಎರಡನೆಯದನ್ನು ತೆಗೆದೆವು. ಆಮೇಲೆ ಮೆಲ್ಲಗೆ ಗುಡ್ಡವನ್ನು ಹತ್ತಿ, ದೇವರಿಗೆ ಕೈಮುಗಿದು, ಗೋಪುರದ ಹತ್ತಿರ ಹೋಗಿ, ಗಡಿಯಾರವು ಎರಡನೆಯ ಚಿತ್ರದಲ್ಲಿ ಬಂದಷ್ಟೇ ಅಗಲವಾಗಿ ಬರುವಂತೆ ಮೂರನೆಯದನ್ನು ಜೂಮ್ ಇಲ್ಲದೆ ತೆಗೆದೆವು. ನೆರಳಿನಲ್ಲಿ ಕುಳಿತು, ತಂದಿದ್ದ ಅವಲಕ್ಕಿಯನ್ನು ತಿನ್ನುತ್ತ ಮೂರನ್ನೂ ಹೋಲಿಸಿ ನೋಡಿದೆವು. ಎರಡನೆಯ ಚಿತ್ರದಲ್ಲಿ ಗಡಿಯಾರದ ಮುಳ್ಳುಗಳಿದ್ದುವು, ಆದರೆ ಅಂಚುಗಳು ನೀರಿನಲ್ಲಿ ನೆನೆದ ಕಾಗದದ ಮೇಲಿನ ಶಾಯಿಯಂತೆ ಹರಡಿದ್ದುವು. ಗೋಪುರದ ಅಂಚಿನಲ್ಲಿ ಒಂದು ಬೂದುಬಣ್ಣದ ಮುದ್ದೆ. ಅದನ್ನು ನಾವು ಗಾರೆಯ ಕಲೆಯೆಂದುಕೊಂಡಿದ್ದೆವು. ಮೂರನೆಯ ಚಿತ್ರದಲ್ಲಿ ನೋಡಿದರೆ ಅಂತಹ ಅಂಚುಗಳಲ್ಲೆಲ್ಲ ಪಾರಿವಾಳಗಳು! ಅವುಗಳ ಕೊರಳಿನ ಹಸುರು ಹೊಳಪು, ಕಣ್ಣಿನ ಕಿತ್ತಳೆಯ ಬಣ್ಣ, ಕಾಲಿನ ಕೆಂಪು ಎಲ್ಲವೂ ಸ್ಪಷ್ಟ.

ಮೊಮ್ಮಗಳು ನಮಗೆ ತೋರದಿದ್ದ ಇನ್ನೊಂದು ಪರೀಕ್ಷೆಯನ್ನು ಮಾಡಿದಳು. ಮೊದಲನೆಯ ಚಿತ್ರವನ್ನು ತೆಗೆದುಕೊಂಡು, ಮೊಬೈಲಿನಲ್ಲಿಯೇ ಸುತ್ತಲಿನದನ್ನು ಕತ್ತರಿಸಿ, ಗೋಪುರವನ್ನು ಮಾತ್ರ ಉಳಿಸಿದಳು. ಎರಡನೆಯ ಚಿತ್ರದ ಪಕ್ಕದಲ್ಲಿ ಹಿಡಿದು, "ತಾತ, ಎರಡೂ ಒಂದೇ ಥರ ಇವೆ!" ಎಂದಳು. ಹೌದು, ಎರಡಕ್ಕೂ ಹೇಳಿಕೊಳ್ಳುವಂತಹ ಭೇದವಿರಲಿಲ್ಲ. ಜೂಮ್ ಮಾಡಿ ನಾವು ಹೊಸದಾಗಿ ಗಳಿಸಿದುದು ಏನೂ ಇಲ್ಲ. ಮನೆಗೆ ಬಂದು ನಿಧಾನವಾಗಿ ಮಾಡಬಹುದಾಗಿದ್ದ ಕತ್ತರಿಸುವ ಕೆಲಸವನ್ನು ಅವಸರದಲ್ಲಿ ಅಲ್ಲಿಯೇ ಮಾಡಿದೆವು, ಅಷ್ಟೆ. ಆದರೆ ಒಂದು ಭೇದವುಂಟು. ಮೊದಲನೆಯ ಚಿತ್ರದಲ್ಲಿ ಗುಡ್ಡವೂ ಮರಗಳೂ ಉಳಿದಿದ್ದುವು. ಎರಡನೆಯದರಲ್ಲಿ ಅವು ಹೋದುವು. ಇನ್ನು ಯಾವ ಉಪಾಯದಿಂದಲೂ ಬರಲಾರವು.

ಈ ಮಾತು ನಮ್ಮ ಎದೆಗೆ ತಾಕಿತು. ಅಂದು ನಿಲ್ದಾಣದಲ್ಲಿ ಜೂಮ್ ಮಾಡದೆ ತೆಗೆದಿದ್ದರೆ, ಅಕ್ಕನವರ ಮುಖವು ಈಗಿರುವುದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಆದರೆ ಕೆಟ್ಟೂ ಬರುತ್ತಿರಲಿಲ್ಲ. ಅದರ ಜೊತೆಗೆ ಅವರನ್ನು ನಗಿಸಿದವರು ಯಾರು, ಕಿಟಕಿಯ ಬಳಿ ನಿಂತು ಕೈಬೀಸಿದವರು ಯಾರು, ತಿಂಡಿಯ ಡಬ್ಬಿಯನ್ನು ಕೊಟ್ಟವರು ಯಾರು ಎಂಬುದೆಲ್ಲವೂ ಉಳಿಯುತ್ತಿತ್ತು. ಈಗ ಅವರು ಯಾವ ಮಾತಿಗೆ ನಕ್ಕರೆಂಬುದನ್ನು ಮನೆಯವರು ಒಬ್ಬೊಬ್ಬರೂ ಒಂದೊಂದು ಬಗೆಯಾಗಿ ಹೇಳುವರು.

ಇಲ್ಲಿ ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಎಲ್ಲ ಜೂಮೂ ಒಂದೇ ಅಲ್ಲ. ಈಚಿನ ಕೆಲವು ಮೊಬೈಲುಗಳಲ್ಲಿ ಎರಡು ಮೂರು ಮಸೂರಗಳಿರುವುವು. ದೂರಕ್ಕೆಂದೇ ಬೇರೆ ಮಸೂರವಿದ್ದು, ಅದರ ಅಂಕಿಯನ್ನು ಮುಟ್ಟಿದಾಗ ದೊರೆಯುವುದು ನಿಜವಾದ ದೊಡ್ಡ ಬಿಂಬ. 2019ರಿಂದೀಚೆಗೆ ಮೊಬೈಲಿನ ತೆಳುವಾದ ಮೈಯೊಳಗೆ ಬೆಳಕನ್ನು ಅಡ್ಡಕ್ಕೆ ತಿರುಗಿಸಿ ಐದುಪಟ್ಟು ಹತ್ತಿರಕ್ಕೆ ತರುವ ಮಸೂರಗಳೂ ಬಂದಿರುವುವು. ನಾಲ್ಕೈದು ಕೋಟಿ ಕಣಗಳುಳ್ಳ ಬಿಲ್ಲೆಗಳಲ್ಲಿ ನಡುವಣ ತುಂಡನ್ನು ಕತ್ತರಿಸಿ ಎರಡುಪಟ್ಟು ಮಾಡಿದರೂ ಕೋಟಿಗೆ ಕಡಮೆಯಿಲ್ಲದಷ್ಟು ಚುಕ್ಕಿಗಳು ಉಳಿಯುವುವು. ಗೂಗಲ್ ಕಂಪೆನಿಯವರು 2018ರಲ್ಲಿ ಇನ್ನೊಂದು ಯುಕ್ತಿಯನ್ನು ತಂದರು: ಕೈಯ ಸಣ್ಣ ನಡುಕದಿಂದ ಚುಕ್ಕಿಗಳು ಅತ್ತಿತ್ತ ಸರಿಯುವುದನ್ನೇ ಉಪಯೋಗಿಸಿಕೊಂಡು, ಹಲವು ಚಿತ್ರಗಳನ್ನು ಒಟ್ಟಿಗೆ ತೆಗೆದು ಸೇರಿಸಿ, ನಡುವಣ ತೆರವನ್ನು ಊಹೆಯಿಂದಲ್ಲದೆ ನಿಜವಾದ ಬೆಳಕಿನಿಂದಲೇ ಸ್ವಲ್ಪಮಟ್ಟಿಗೆ ತುಂಬುವುದು. ಇವೆಲ್ಲವೂ ಶ್ಲಾಘ್ಯವೇ. ಆದರೆ ಇವುಗಳಿಗೂ ಒಂದು ಎಲ್ಲೆಯುಂಟು. ಎಲ್ಲೆಯನ್ನು ಮೀರಿದರೆ ಪುನಃ ಕತ್ತರಿಸಿ ಹಿಗ್ಗಿಸುವುದೇ ಗತಿ. ದೂರದ ನಾಮಫಲಕವನ್ನು ಓದುವುದಕ್ಕೆ, ಬರುವ ಗಾಡಿಯ ಸಂಖ್ಯೆಯನ್ನು ತಿಳಿಯುವುದಕ್ಕೆ ಡಿಜಿಟಲ್ ಜೂಮೂ ಸಾಕು. ಬಹುಕಾಲ ಇಟ್ಟುಕೊಳ್ಳಬೇಕಾದ ಚಿತ್ರಕ್ಕೆ ಅದು ಒದಗದು.

ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ನಮ್ಮ ಸೋದರಳಿಯನು ನಮ್ಮ ಪೇಚಾಟವನ್ನು ಕಂಡು, ಕೃತಕ ಬುದ್ಧಿಮತ್ತೆಯೆಂಬ ಹೊಸ ತಂತ್ರದಿಂದ ಅಕ್ಕನವರ ಚಿತ್ರವನ್ನು ತಿದ್ದಿಸಿ ಕಳುಹಿಸಿದನು. ನೋಡಿದೊಡನೆಯೇ ಬೆರಗಾದೆವು. ರೆಪ್ಪೆಯ ಒಂದೊಂದು ಕೂದಲೂ ಕಾಣುವುದು. ಮೂಗುಬೊಟ್ಟಿನಲ್ಲಿ ಹರಳು ಹೊಳೆಯುವುದು. ನಮ್ಮ ಮನೆಯವರು ಮಾತ್ರ ಅದನ್ನು ಬಹಳ ಹೊತ್ತು ನೋಡಿ, "ಇವರು ಅಕ್ಕ ಅಲ್ಲ" ಎಂದರು. ಅಕ್ಕನವರ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿದ್ದಿತು. ನಕ್ಕರೆ ಅದು ಕಾಣುವುದೆಂದೇ ಅವರು ಕ್ಯಾಮೆರಾದ ಮುಂದೆ ತುಟಿ ಬಿಗಿಯುತ್ತಿದ್ದುದು. ಆ ಸಂದನ್ನು ಯಂತ್ರವು ಮುಚ್ಚಿಬಿಟ್ಟಿದ್ದಿತು. 2023ರಲ್ಲಿ ಚಂದ್ರನ ವಿಷಯದಲ್ಲಿ ಇಂತಹದೇ ಒಂದು ಚರ್ಚೆಯು ಲೋಕದಲ್ಲೆಲ್ಲ ನಡೆಯಿತು. ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಪರದೆಯ ಮೇಲೆ ಇಟ್ಟು ಒಬ್ಬರು ಸ್ಯಾಮ್‌ಸಂಗ್ ಮೊಬೈಲಿನಿಂದ ತೆಗೆದಾಗ, ಮಸುಕಿನಲ್ಲಿ ಇಲ್ಲದ ಕುಳಿಗಳೂ ಕಲೆಗಳೂ ಮೂಡಿದುವಂತೆ. ಚಂದ್ರನೆಂದು ಗುರುತಿಸಿ ವಿವರವನ್ನು ಹೆಚ್ಚಿಸುವ ಏರ್ಪಾಡು ತಮ್ಮ ಯಂತ್ರದಲ್ಲಿ ಇರುವುದೆಂದು ಕಂಪೆನಿಯವರೂ ವಿವರಿಸಿದರು. ಚಂದ್ರನ ಮಾತು ಹೇಗಾದರೂ ಇರಲಿ. ಭೂಮಿಗೆ ಅವನು ತೋರುವ ಮುಖವು ಒಂದೇ. ಮನುಷ್ಯರ ಮುಖವು ಹಾಗಲ್ಲವಷ್ಟೆ?

ನಮ್ಮ ನೈಯಾಯಿಕರು ಜ್ಞಾನಕ್ಕೆ ಸಾಧನಗಳನ್ನು ಹೇಳುವಾಗ ಪ್ರತ್ಯಕ್ಷ, ಅನುಮಾನ, ಶಬ್ದ ಎಂಬಿವನ್ನು ಬೇರೆಬೇರೆಯಾಗಿ ಎಣಿಸಿರುವರು. ಮಸೂರವು ಬಿಲ್ಲೆಯ ಮೇಲೆ ಬೀಳಿಸಿದ ಬೆಳಕು ಪ್ರತ್ಯಕ್ಷ. ಡಿಜಿಟಲ್ ಜೂಮ್ ಚುಕ್ಕಿಗಳ ನಡುವೆ ತುಂಬುವುದು ಅನುಮಾನ. ಕೃತಕ ಬುದ್ಧಿಯು ತಂದು ಹಾಕುವುದು ಶಬ್ದ, ಎಂದರೆ ಬೇರೆಯವರ ಮಾತು. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು, ಕಂಡು ಬಲ್ಲವನಾಗಿರಬೇಕು. ಆ ಯಂತ್ರವು ಲಕ್ಷಾಂತರ ಮುಖಗಳನ್ನು ಕಂಡಿರಬಹುದು. ನಮ್ಮ ಅಕ್ಕನವರನ್ನು ಕಂಡಿರಲಿಲ್ಲ. ಕಾಣದವನ ಸಾಕ್ಷ್ಯವನ್ನು ಕಟ್ಟು ಹಾಕಿಸಿ ನಡುಮನೆಯಲ್ಲಿ ಇಡುವುದು ಹೇಗೆ?

ಗುಡ್ಡದಿಂದ ಇಳಿಯುವ ಮುಂಚೆ ಸ್ವಲ್ಪ ಹೊತ್ತು ಸುತ್ತಲೂ ನೋಡಿದೆವು. ಒಂದು ಕಡೆ ನಗರದ ಮನೆಗಳು ಕಣ್ಣು ಹರಿಯುವವರೆಗೆ ಹಬ್ಬಿದ್ದುವು. ಪಡುವಲಲ್ಲಿ, ಮಾಗಡಿ ರಾಮನಗರಗಳ ದಿಕ್ಕಿನಲ್ಲಿ, ಮಂಜಿನ ನಡುವೆ ಬೆಟ್ಟಗಳು ನೀಲಿಯಾಗಿ, ನುಣ್ಣಗೆ, ಬಹು ಸೊಗಸಾಗಿ ಕಂಡುವು. ಮೊಮ್ಮಗಳು ಮೊಬೈಲನ್ನು ಎತ್ತಿ ಬೆರಳುಗಳನ್ನು ಅಗಲಿಸಹೋದವಳು, ನಮ್ಮ ಮುಖವನ್ನು ನೋಡಿ ನಕ್ಕು, ಜೂಮ್ ಇಲ್ಲದೆಯೇ ಒಂದು ಚಿತ್ರವನ್ನು ತೆಗೆದಳು.

ಮನೆಮಂದಿಗೆ ಉಪಯೋಗವಾಗಲೆಂದು ನಾವು ಕಲಿತುದನ್ನು ಸಂಗ್ರಹವಾಗಿ ಹೇಳುವೆವು. ಕಾಲಿನಲ್ಲಿ ಶಕ್ತಿಯಿದ್ದರೆ ಹತ್ತಿರ ಹೋಗಿ ತೆಗೆಯತಕ್ಕದ್ದು. ಇದಕ್ಕೆ ಮಿಗಿಲಾದ ಜೂಮ್ ಇಲ್ಲ. ತಮ್ಮ ಮೊಬೈಲಿನಲ್ಲಿ ದೂರದ ಮಸೂರವುಂಟೋ ಇಲ್ಲವೋ, ಇದ್ದರೆ ಅದರ ಅಂಕಿ ಯಾವುದು ಎಂಬುದನ್ನು ಕೊಂಡಾಗಲೇ ತಿಳಿದುಕೊಂಡು, ಆ ಅಂಕಿಯನ್ನು ಮೀರಬಾರದು. ಹತ್ತಿರ ಹೋಗಲು ಆಗದಿದ್ದರೆ ಜೂಮ್ ಮಾಡದೆ ಪೂರ್ತಿಯಾಗಿ ತೆಗೆದಿಟ್ಟು, ಬೇಕಾದ ಭಾಗವನ್ನು ಮನೆಯಲ್ಲಿ ಕತ್ತರಿಸಿಕೊಳ್ಳಬಹುದು. ಕತ್ತರಿಸುವಾಗಲೂ ಮೂಲವನ್ನು ಹಾಗೆಯೇ ಉಳಿಸಿಕೊಂಡು, ಅದರ ನಕಲಿನ ಮೇಲೆ ಕೈಮಾಡಬೇಕು. ಕೈಯನ್ನು ಗೋಡೆಗೋ ಕಂಬಕ್ಕೋ ಆನಿಸಿ ಹಿಡಿದರೆ ನಡುಕವು ಕಡಮೆಯಾಗುವುದು. ಚಿತ್ರವನ್ನು ನೆಂಟರಿಗೆ ವಾಟ್ಸ್‌ಆಪ್ ಮೂಲಕ ಸಾಧಾರಣವಾಗಿ ಕಳುಹಿಸಿದರೆ ಅದು ಚುಕ್ಕಿಗಳನ್ನು ಇನ್ನೂ ಇಳಿಸುವುದು. ಡಾಕ್ಯುಮೆಂಟಿನ ರೂಪದಲ್ಲಿ ಕಳುಹಿಸಿದರೆ ಇದ್ದಂತೆಯೇ ಹೋಗುವುದು. ಹಿರಿಯರ ಚಿತ್ರವನ್ನು ತೆಗೆಯುವುದನ್ನು ಗಾಡಿ ಹೊರಡುವ ಹೊತ್ತಿನವರೆಗೆ ಮುಂದೂಡಬಾರದು.

ಅಕ್ಕನವರ ಪಟದ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಮಾರನೆಯ ದಿನ ಪುನಃ ಸ್ಟುಡಿಯೋಕ್ಕೆ ಹೋಗಿ, "ಅ‍ಪ್ಪಾ, ಇದ್ದಷ್ಟು ಚುಕ್ಕಿಗೆ ಎಷ್ಟು ದೊಡ್ಡ ಪಟವಾಗುವುದೋ ಅಷ್ಟನ್ನೇ ಮಾಡಿಕೊಡು, ಹೆಚ್ಚು ಬೇಡ" ಎಂದೆವು. ಅವನು ಲೆಕ್ಕ ಹಾಕಿ ನೋಡಿದನು. ಒಳ್ಳೆಯ ಅಚ್ಚಿಗೆ ಅಂಗುಲಕ್ಕೆ ಮುನ್ನೂರು ಚುಕ್ಕಿ ಬೇಕು. ಹಾಗಾದರೆ ಪಟವು ಎರಡು ಅಂಗುಲವೂ ಬರದು. ಅಂಗುಲಕ್ಕೆ ನೂರೈವತ್ತಕ್ಕೆ ಒಪ್ಪಿಕೊಂಡರೆ ಮೂರು ಅಂಗುಲಕ್ಕೆ ಸ್ವಲ್ಪ ಹೆಚ್ಚು ಅಗಲ, ಎರಡೂವರೆ ಅಂಗುಲ ಎತ್ತರ. ನಾವು ಒಪ್ಪಿಕೊಂಡೆವು. ಅಷ್ಟು ಚಿಕ್ಕದರಲ್ಲಿ ಮುಖವು ಪುನಃ ಮುಖದಂತೆ ಕಂಡಿತು. ಹಲ್ಲಿನ ಸಂದೂ ಇದೆಯೆಂದು ನಮ್ಮ ಮನೆಯವರು ಹೇಳುವರು. ಅದನ್ನು ಒಂದು ಅಡಿ ಅಗಲದ ಬಿಳಿಯ ರಟ್ಟಿನ ನಡುವೆ ಅಂಟಿಸಿ, ಮರದ ಕಟ್ಟು ಹಾಕಿಸಿ, ವರ್ಷಾಬ್ದಿಕದ ದಿನ ಕೆಂಗೇರಿಯ ಅದೇ ನಿಲ್ದಾಣದಿಂದ ಗಾಡಿ ಹತ್ತಿ ಮೈಸೂರಿಗೆ ತೆಗೆದುಕೊಂಡು ಹೋದೆವು.

ಪಟವು ಈಗ ಸೋದರಳಿಯನ ನಡುಮನೆಯ ಗೋಡೆಯ ಮೇಲಿರುವುದು. ಅದು ಬಹಳ ಚಿಕ್ಕದಾದುದರಿಂದ ಬಾಗಿಲಲ್ಲಿ ನಿಂತರೆ ಕಾಣುವುದಿಲ್ಲ. ನೋಡಬೇಕೆಂದವರು ಎದ್ದು ಹತ್ತಿರಕ್ಕೆ ಹೋಗಿಯೇ ನೋಡಬೇಕು.